ನದಿಯ ಹೊರೆಯನ್ನು ಅಳೆದವರು

ಮಳೆಗಾಲದಲ್ಲಿ ಗುಡೇಕೋಟೆಯ ಬಂಡೆಗುಡ್ಡಗಳ ನಡುವೆ ಹರಿಯುವ ಹಳ್ಳಗಳ ನೀರು ಎಂದೂ ಬರಿಗೈಯಲ್ಲಿ ಬರುವುದಿಲ್ಲ. ಮಣ್ಣು, ಮರಳು, ಗರಸುಗಳನ್ನು ಹೊತ್ತು ತಂದು, ಇಳಿಜಾರು ಕಡಿಮೆಯಾದೆಡೆಯಲ್ಲಿ ಇಳಿಸಿ ಮುಂದೆ ಸಾಗುತ್ತದೆ. ಕೆರೆಗಳಲ್ಲಿ ತುಂಬುವ ಹೂಳು ಹೀಗೆ ಬಂದುದೇ ಆಗಿದೆ. ಹೊಳೆಯು ಹೊರುವ ಈ ಹೊರೆ ಎಷ್ಟು? ಅದನ್ನು ಅಳೆಯುವ ಬಗೆ ಯಾವುದು? ಈ ಪ್ರಶ್ನೆಗಳಿಗೆ ತಮ್ಮ ಜೀವಮಾನವನ್ನು ಮುಡಿಪಾಗಿಟ್ಟವರು ಹ್ಯಾನ್ಸ್ ಆಲ್ಬರ್ಟ್ ಐನ್‌ಸ್ಟೈನ್.

ಸಾಪೇಕ್ಷತಾ ಸಿದ್ಧಾಂತದಿಂದ ಜಗದ್ವಿಖ್ಯಾತರಾದ ಆಲ್ಬರ್ಟ್ ಐನ್‌ಸ್ಟೈನರ ಹಿರಿಯ ಪುತ್ರರಾದ ಇವರು 1904ರ ಮೇ 14ರಂದು ಸ್ವಿಟ್ಜರ್ಲೆಂಡಿನ ಬರ್ನ್ ನಗರದಲ್ಲಿ ಜನಿಸಿದರು. ಇವರ ಹತ್ತನೆಯ ವಯಸ್ಸಿನಲ್ಲಿ ತಂದೆತಾಯಿಗಳು ಬೇರೆಯಾದರು. ತಾಯಿ ಮಿಲೇವಾ ಅವರ ಆಶ್ರಯದಲ್ಲಿ ಜ್ಯೂರಿಚ್ ನಗರದಲ್ಲಿ ಬೆಳೆದು, ಅಲ್ಲಿಯೇ ಸಿವಿಲ್ ಇಂಜಿನಿಯರಿಂಗ್ ವ್ಯಾಸಂಗ ಮಾಡಿದರು. ಮಗನ ಈ ಆಯ್ಕೆ ತಂದೆಗೆ ಹಿಡಿಸಲಿಲ್ಲ. ಆದರೆ ತಂದೆಯ ಕೀರ್ತಿಯ ನೆರಳಿನಲ್ಲಿ ನಿಲ್ಲದೆ ತಮ್ಮ ದಾರಿಯನ್ನು ತಾವೇ ಹುಡುಕಿಕೊಳ್ಳಲು ಅವರು ನಿಶ್ಚಯಿಸಿದ್ದರು. ಕೆಲವು ವರ್ಷ ಜರ್ಮನಿಯಲ್ಲಿ ಸೇತುವೆಗಳ ವಿನ್ಯಾಸದಲ್ಲಿ ತೊಡಗಿದ್ದು, 1931ರಲ್ಲಿ ಜ್ಯೂರಿಚ್‌ಗೆ ಮರಳಿದರು.

ಆಗ ಅಲ್ಲಿನ ಇಂಜಿನಿಯರುಗಳನ್ನು ರೈನ್ ನದಿಯ ಸಮಸ್ಯೆ ಕಾಡುತ್ತಿತ್ತು. ಆಲ್ಪ್ಸ್ ಪರ್ವತಗಳಿಂದ ಧುಮುಕುವ ಆ ನದಿ ತಾನು ತಂದ ಉರುಟುಕಲ್ಲುಗಳನ್ನು ಬಯಲಿನ ಪಾತ್ರದಲ್ಲಿ ಸುರಿಯುತ್ತಿತ್ತು. ಪಾತ್ರವು ಮೇಲೇರಿದಂತೆಲ್ಲ ದಂಡೆಯ ಏರಿಗಳು ಪ್ರವಾಹಕ್ಕೆ ಸಾಲದಾದವು. 1927ರ ಸೆಪ್ಟೆಂಬರಿನಲ್ಲಿ ಏರಿ ಒಡೆದು, ಲೀಚ್‌ಟೆನ್‌ಸ್ಟೈನ್ ಎಂಬ ಪುಟ್ಟ ದೇಶದ ಊರು ಹೊಲಗಳು ಜಲಾವೃತವಾದವು. ನದಿ ಹೊರುವ ಕಲ್ಲಿನ ಪ್ರಮಾಣವನ್ನು ತಿಳಿಯದೆ ಇದಕ್ಕೆ ಪರಿಹಾರವಿರಲಿಲ್ಲ.

ಪ್ರಾಧ್ಯಾಪಕ ಮೇಯರ್-ಪೀಟರ್ ಅವರ ಪ್ರಯೋಗಾಲಯದಲ್ಲಿ ಹ್ಯಾನ್ಸ್ ಆಲ್ಬರ್ಟ್ ಈ ಕಾರ್ಯಕ್ಕೆ ಕೈಹಾಕಿದರು. ನದೀತಳಕ್ಕೆ ಒಂದು ಸಾಧನವನ್ನು ಇಳಿಸಿ, ನಿಯಮಿತ ಕಾಲದಲ್ಲಿ ಅದರೊಳಗೆ ಉರುಳಿಬಂದ ಕಲ್ಲುಗಳನ್ನು ಮೇಲೆತ್ತಿ ತೂಗುವುದು ಆಗಿನ ವಿಧಾನ. ಆದರೆ ಸಾಧನವೇ ನೀರಿನ ಓಟಕ್ಕೆ ಅಡ್ಡಿಯಾಗುವುದರಿಂದ ಎಷ್ಟೋ ಕಲ್ಲುಗಳು ಅದರ ಪಕ್ಕದಿಂದ ನುಸುಳಿಹೋಗುತ್ತವೆ. ಸಾಗುವ ಕಲ್ಲುಗಳಲ್ಲಿ ಎಷ್ಟು ಭಾಗ ಅದರಲ್ಲಿ ಸಿಕ್ಕುತ್ತದೆ ಎಂಬುದನ್ನು ಪ್ರಯೋಗಗಳಿಂದ ಗೊತ್ತುಪಡಿಸಿದರೆ ಮಾತ್ರ ಆ ತೂಕಕ್ಕೆ ಅರ್ಥವುಂಟು. ರೈನ್ ನದಿಯಲ್ಲಿ ಬಳಸುತ್ತಿದ್ದ ಸಾಧನಕ್ಕೆ ಅವರು ಇಂತಹ ಪರೀಕ್ಷೆಯನ್ನು ನಡೆಸಿದರು.

ಕಲ್ಲುಗಳ ಚಲನೆಯನ್ನು ಗಮನಿಸಿದಾಗ ಇನ್ನೊಂದು ಸತ್ಯ ಹೊಳೆಯಿತು. ಕಲ್ಲು ಒಂದೇ ಸಮನೆ ಸಾಗುವುದಿಲ್ಲ. ಒಂದಿಷ್ಟು ದೂರ ಉರುಳಿ, ಬಹುಕಾಲ ತಂಗಿ, ಮತ್ತೆ ಹೊರಡುತ್ತದೆ. ಅದು ಯಾವಾಗ ಏಳುವುದೆಂದು ಖಚಿತವಾಗಿ ಹೇಳಲಾಗದು. ಏಳುವ ಸಂಭವವನ್ನು ಮಾತ್ರ ಲೆಕ್ಕಹಾಕಬಹುದು. ಈ ವಿಚಾರವನ್ನು ಪ್ರತಿಪಾದಿಸಿದ ಪ್ರಬಂಧಕ್ಕೆ ಅವರಿಗೆ ಡಾಕ್ಟರೇಟ್ ಪದವಿ ದೊರೆಯಿತು.

1938ರಲ್ಲಿ ಅವರು ಅಮೆರಿಕೆಗೆ ತೆರಳಿದರು. ಸ್ವಲ್ಪ ಕಾಲದಲ್ಲಿಯೇ ಎಳೆಯ ಮಗನೊಬ್ಬನನ್ನು ಕಳೆದುಕೊಂಡರು. ಆ ದುಃಖದಲ್ಲಿಯೂ ಕರ್ತವ್ಯವನ್ನು ಬಿಡದೆ ದಕ್ಷಿಣ ಕೆರೊಲಿನಾದ ಮೌಂಟನ್ ಕ್ರೀಕ್ ಎಂಬ ಹಳ್ಳದಲ್ಲಿ ಮರಳಿನ ಚಲನೆಯನ್ನು ಅಭ್ಯಸಿಸಿದರು. 1947ರಿಂದ ಬರ್ಕ್ಲಿಯ ವಿಶ್ವವಿದ್ಯಾನಿಲಯದಲ್ಲಿ ಅಧ್ಯಾಪಕರಾದರು. ಸಣ್ಣ ದೊಡ್ಡ ಕಣಗಳನ್ನು ಗಾತ್ರಕ್ಕೆ ತಕ್ಕಂತೆ ವಿಂಗಡಿಸಿ ನದಿಯ ಒಟ್ಟು ಹೊರೆಯನ್ನು ಗಣಿಸುವ ಅವರ ವಿಧಾನ 1950ರಲ್ಲಿ ಪ್ರಕಟವಾಯಿತು. 1973ರ ಜುಲೈ 26ರಂದು ಅವರು ನಿಧನರಾದರು.

ಇಂತಹ ಲೆಕ್ಕದ ಅಗತ್ಯ ನಮ್ಮ ನಾಡಿಗೂ ಇದೆ. ಗುಡೇಕೋಟೆಯಿರುವ ವಿಜಯನಗರ ಜಿಲ್ಲೆಯಲ್ಲಿಯೇ ತುಂಗಭದ್ರಾ ಅಣೆಕಟ್ಟು ಇದೆ. ಆರಂಭದಲ್ಲಿ ಸುಮಾರು 133 ಟಿ.ಎಂ.ಸಿ. ನೀರು ಹಿಡಿಯುತ್ತಿದ್ದ ಅದರ ಜಲಾಶಯದ ಸಾಮರ್ಥ್ಯ, ಹೂಳಿನಿಂದಾಗಿ 2016ರ ಸಮೀಕ್ಷೆಯ ವೇಳೆಗೆ ಸುಮಾರು 106 ಟಿ.ಎಂ.ಸಿ.ಗೆ ಇಳಿದಿತ್ತು. ಕಾಲುವೆಯ ನೀರನ್ನೇ ನಂಬಿದ ರೈತನಿಗೆ ಇದು ಸಣ್ಣ ನಷ್ಟವಲ್ಲ. ತಂದೆಯವರು ನಕ್ಷತ್ರಗಳ ಬೆಳಕಿನ ದಾರಿಯನ್ನು ಅರಸಿದರೆ, ಮಗ ನೀರಿನಡಿಯ ಮರಳಿನ ದಾರಿಯನ್ನು ಅರಸಿದರು. ಜ್ಞಾನಕ್ಕೆ ಎರಡೂ ಸಮಾನವೇ.