ಬೆಟ್ಟವನ್ನು ಕಡಿಯದೆ ಮನೆ ಕಟ್ಟಿದ ಲಾರಿ ಬೇಕರ್

ಇಳಿಜಾರಿನಲ್ಲಿ ನಿವೇಶನ ಕೊಂಡವರು ಸಾಮಾನ್ಯವಾಗಿ ಮೊದಲು ಕರೆಸುವುದು ಮಣ್ಣು ಅಗೆಯುವ ಯಂತ್ರವನ್ನು. ನೆಲ ಸಮತಟ್ಟಾದ ಬಳಿಕವೇ ನಕ್ಷೆಯ ಮಾತು. ಈ ಕ್ರಮವನ್ನು ಬದಲಿಸಿ, ನೆಲ ಇದ್ದಂತೆಯೇ ಅದಕ್ಕೊಪ್ಪುವ ಮನೆ ಕಟ್ಟಬಹುದೆಂದು ತೋರಿಸಿಕೊಟ್ಟವರು ವಾಸ್ತುಶಿಲ್ಪಿ ಲಾರಿ ಬೇಕರ್.

ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಂನಲ್ಲಿ 1917ರ ಮಾರ್ಚ್ 2ರಂದು ಜನಿಸಿದ ಬೇಕರ್, ಅದೇ ನಗರದಲ್ಲಿ ವಾಸ್ತುಶಿಲ್ಪ ಕಲಿತರು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಕ್ವೇಕರ್ ಪಂಥೀಯರ ವೈದ್ಯಕೀಯ ತಂಡದೊಡನೆ ಚೀನಾಕ್ಕೆ ತೆರಳಿ ಕುಷ್ಠರೋಗಿಗಳ ಸೇವೆಯಲ್ಲಿ ತೊಡಗಿದರು. ಸ್ವದೇಶಕ್ಕೆ ಮರಳುವಾಗ ಮುಂಬೈಯಲ್ಲಿ ಹಡಗಿಗಾಗಿ ಕಾಯಬೇಕಾಯಿತು. ಆ ಬಿಡುವಿನಲ್ಲಿ ಗಾಂಧೀಜಿಯವರ ಭೇಟಿಯಾಯಿತು. ಮನೆಗೆ ಬೇಕಾದ ಸಾಮಗ್ರಿ ಐದು ಮೈಲಿಯೊಳಗೇ ದೊರೆಯುವಂತಿರಬೇಕೆಂಬ ಗಾಂಧೀಜಿಯವರ ವಿಚಾರ ತರುಣ ವಾಸ್ತುಶಿಲ್ಪಿಯ ಮನಸ್ಸಿನಲ್ಲಿ ಬೇರೂರಿತು. 1945ರಲ್ಲಿ ಬೇಕರ್ ಭಾರತಕ್ಕೆ ಹಿಂದಿರುಗಿದರು.

ಹಿಮಾಲಯವೇ ಪಾಠಶಾಲೆ

1948ರಲ್ಲಿ ಕೇರಳ ಮೂಲದ ವೈದ್ಯೆ ಎಲಿಜಬೆತ್ ಜೇಕಬ್ ಅವರನ್ನು ವಿವಾಹವಾದ ಬೇಕರ್, ಹಿಮಾಲಯದ ಪಿಥೋರಾಗಢದಲ್ಲಿ ನೆಲೆಸಿದರು. ದಂಪತಿ ಅಲ್ಲಿ ಸುಮಾರು 16 ವರ್ಷ ಆಸ್ಪತ್ರೆ ನಡೆಸಿದರು. ಕಾಲೇಜಿನಲ್ಲಿ ಕಲಿತ ವಿದ್ಯೆ ಆ ಕಡಿದಾದ ಬೆಟ್ಟಗಳಲ್ಲಿ ಹೆಚ್ಚು ಉಪಯೋಗಕ್ಕೆ ಬರಲಿಲ್ಲ. ಕಲ್ಲು, ಮಣ್ಣು, ಮರಗಳಿಂದ ಹಳ್ಳಿಗರು ಕಟ್ಟಿಕೊಂಡ ಮನೆಗಳೇ ಅವರಿಗೆ ಪಾಠವಾದವು. ಬಳ್ಳಾರಿ ಸೀಮೆಯ ಮಣ್ಣಿನ ಮಾಳಿಗೆ ಮನೆಗಳಂತೆ ಅವೂ ಊರಿನ ನೆಲ ಹಾಗೂ ಹವೆಯನ್ನು ಅರಿತು ರೂಪುಗೊಂಡಿದ್ದವು.

1963ರಲ್ಲಿ ಕೇರಳದ ವಾಗಮಣ್‌ಗೆ ಬಂದ ದಂಪತಿ, ಕೆಲವು ವರ್ಷಗಳ ಬಳಿಕ ತಿರುವನಂತಪುರದಲ್ಲಿ ನೆಲೆ ನಿಂತರು. ಉಳ್ಳೂರಿನ ಗುಡ್ಡದ ಮೇಲೆ ಹತ್ತು ಎಕರೆಯಲ್ಲಿ ಹರಡಿರುವ ಅಭಿವೃದ್ಧಿ ಅಧ್ಯಯನ ಕೇಂದ್ರ ಬೇಕರ್ ಅವರಿಗೆ ದೊಡ್ಡ ಹೆಸರು ತಂದಿತು. ಅಲ್ಲಿನ ಕಟ್ಟಡಗಳು ಇಳಿಜಾರಿಗೆ ತಕ್ಕಂತೆ ಏರುತ್ತ ಇಳಿಯುತ್ತ ಸಾಗುತ್ತವೆ. ಇದ್ದ ಮರಗಳಿಗೆ ಜಾಗ ಬಿಟ್ಟು ಗೋಡೆಗಳು ಬಾಗಿವೆ.

ತಮಗಾಗಿ ಅವರು ಆರಿಸಿಕೊಂಡದ್ದು ನಾಲಂಚಿರದ ಬಂಡೆಗಲ್ಲಿನ ಕಡಿದಾದ ಇಳಿಜಾರು. ಅಲ್ಲಿ ನೀರಿನ ಅನುಕೂಲವೂ ಕಡಿಮೆ. ಬೇಕರ್ ಬಂಡೆಯನ್ನು ಒಡೆಸಲಿಲ್ಲ. 'ಹ್ಯಾಮ್ಲೆಟ್' ಎಂಬ ಹೆಸರಿನ ಆ ಮನೆ ವರ್ಷಗಳ ಕಾಲ ತುಸುತುಸುವೇ ಬೆಳೆಯಿತು. ಬೇರೆಡೆ ಬೇಡವೆಂದು ಬಿಟ್ಟ ಸಾಮಗ್ರಿಗಳೂ ಅಲ್ಲಿ ಬಳಕೆಯಾದವು.

ಲೆಕ್ಕಾಚಾರದ ಹಾದಿ

ಮನೆಯ ಉದ್ದದ ಬದಿಯನ್ನು ಸಮೋನ್ನತ ರೇಖೆಗೆ, ಅಂದರೆ ಇಳಿಜಾರಿನಲ್ಲಿ ಒಂದೇ ಎತ್ತರದಲ್ಲಿ ಸಾಗುವ ಗೆರೆಗೆ, ಸಮಾನಾಂತರವಾಗಿಟ್ಟರೆ ಅಗೆತ, ತುಂಬುವಿಕೆ ಎರಡೂ ಕಡಿಮೆಯೆಂಬುದು ಬೇಕರ್ ಸೂತ್ರ. ಕಿರಿದಾದ ನಿವೇಶನದಲ್ಲಿ ಅದಕ್ಕೆ ಆಸ್ಪದವಿಲ್ಲದಾಗ ಮನೆಯೇ ಮೆಟ್ಟಿಲಾಗಬೇಕಾಗುತ್ತದೆ. ಮೂವತ್ತು-ನಲವತ್ತರ ನಿವೇಶನ ಉದ್ದಕ್ಕೂ ಆರು ಅಡಿ ಇಳಿಯುತ್ತದೆ ಎಂದುಕೊಳ್ಳೋಣ. ಪೂರ್ತಿ ಕಡಿದರೆ ಹಿಂಬದಿಯಲ್ಲಿ ಆರು ಅಡಿಯ ಮಣ್ಣಿನ ಗೋಡೆ ನಿಲ್ಲುತ್ತದೆ. ಮನೆಯನ್ನು ಮೂರು ಅಡಿ ಅಂತರದ ಎರಡು ಮಟ್ಟಗಳಾಗಿ ವಿಂಗಡಿಸಿದರೆ, ಪ್ರತಿ ಭಾಗದಲ್ಲಿ ಒಂದೂವರೆ ಅಡಿ ಅಗೆದು ಒಂದೂವರೆ ಅಡಿ ತುಂಬಿದರೆ ಸಾಕು. ನಡುವೆ ಐದು ಮೆಟ್ಟಿಲು.

ಉಳಿತಾಯದ ಇತರ ದಾರಿಗಳನ್ನೂ ಅವರು ಜನಪ್ರಿಯಗೊಳಿಸಿದರು. ಇಟ್ಟಿಗೆಗಳನ್ನು ಅಂಚಿನ ಮೇಲೆ ನಿಲ್ಲಿಸಿ ನಡುವೆ ಪೊಳ್ಳು ಬಿಡುವ 'ರ‍್ಯಾಟ್ ಟ್ರ್ಯಾಪ್' ಗೋಡೆಗೆ ಸುಮಾರು ಶೇ 25ರಷ್ಟು ಇಟ್ಟಿಗೆ ಕಡಿಮೆ ಸಾಕು. ಬಿಸಿಲಿನ ತಾಪವೂ ಒಳಗೆ ಇಳಿಯದು. ಚಾವಣಿಯಲ್ಲಿ ಕಾಂಕ್ರೀಟು ಭಾರ ಹೊರದ ಕಡೆ ಹೆಂಚುಗಳನ್ನು ಹುದುಗಿಸುವುದು ಮತ್ತೊಂದು ವಿಧಾನ. 1865ರಲ್ಲಿ ಬಾಸೆಲ್ ಮಿಷನ್ ಕಾರ್ಖಾನೆಯೊಂದಿಗೆ ಆರಂಭವಾದ ಮಂಗಳೂರು ಹೆಂಚಿನ ಪರಂಪರೆಗೆ ಹೀಗೆ ಹೊಸ ಉಪಯೋಗ ದೊರೆಯಿತು.

ಉಳಿದ ಪ್ರಶ್ನೆ

ಬೇಕರ್ ಕಚೇರಿಯಲ್ಲಿ ಕುಳಿತು ನಕ್ಷೆ ಕಳುಹಿಸಿದವರಲ್ಲ. ನಿತ್ಯ ಕೆಲಸದ ಸ್ಥಳಕ್ಕೆ ಹೋಗಿ, ಗಾರೆಯವರೊಡನೆ ನಿಂತು, ಸಿಕ್ಕ ಕಾಗದದ ಮೇಲೆ ಗೆರೆ ಎಳೆಯುತ್ತಿದ್ದರು. ಅವರ ಪದ್ಧತಿಯ ಬಲವೂ ಮಿತಿಯೂ ಅದೇ. ನುರಿತ ಕೈಗಳಿಲ್ಲದೆ, ನಿತ್ಯದ ನಿಗಾ ಇಲ್ಲದೆ ಅದು ಕೈಗೂಡುವುದಿಲ್ಲ. ಈ ಕೊರತೆ ನೀಗಿಸಲು 1985ರಲ್ಲಿ ಆರಂಭವಾದ ಕಾಸ್ಟ್‌ಫೋರ್ಡ್ ಸಂಸ್ಥೆಗೆ ಅವರು ಮಾರ್ಗದರ್ಶಕರಾದರು. ಮುಂದೆ ಭಾರತದ ಪೌರತ್ವ ಪಡೆದ ಅವರಿಗೆ 1990ರಲ್ಲಿ ಪದ್ಮಶ್ರೀ ಸಂದಿತು. 2007ರ ಏಪ್ರಿಲ್ 1ರಂದು, ತೊಂಬತ್ತರ ವಯಸ್ಸಿನಲ್ಲಿ, ತಿರುವನಂತಪುರದಲ್ಲಿ ನಿಧನರಾದರು.

ಹನ್ನೊಂದು ವರ್ಷಗಳ ಬಳಿಕ, 2018ರ ಆಗಸ್ಟ್‌ನಲ್ಲಿ ಕೊಡಗಿನ ಗುಡ್ಡಗಳು ಮಳೆಗೆ ಕುಸಿದವು; ಮನೆಗಳು ಮಣ್ಣುಪಾಲಾದವು. ಕಾರಣ ಅತಿವೃಷ್ಟಿ ಮಾತ್ರವಲ್ಲ, ಮನೆ-ರಸ್ತೆಗಳಿಗಾಗಿ ಇಳಿಜಾರನ್ನು ನೆಟ್ಟಗೆ ಕಡಿದದ್ದೂ ಹೌದೆಂದು ಭೂವಿಜ್ಞಾನಿಗಳು ಗುರುತಿಸಿದರು. ಬೇಕರ್ ಬದುಕಿನ ಪಾಠವನ್ನು ಮಿತವ್ಯಯದ ಮಾತೆಂದಷ್ಟೇ ಬಗೆದವರಿಗೆ ಅದು ಸುರಕ್ಷತೆಯ ಮಾತೂ ಹೌದೆಂಬುದು ಆ ಮಳೆಗಾಲದಲ್ಲಿ ಮನದಟ್ಟಾಯಿತು.