ಶಾಂತಿದೂತ ಡಾಗ್ ಹ್ಯಾಮರ್‌ಷೋಲ್ಡ್

ಸ್ವಂತ ನೆಲವಿಲ್ಲ, ಪ್ರಜೆಗಳಿಲ್ಲ, ಸ್ಥಿರವಾದ ಸೈನ್ಯವೂ ಇಲ್ಲ. ಆದರೂ ಜಗತ್ತಿನ ಯಾವ ಮೂಲೆಯಲ್ಲಿ ಕಲಹದ ಕಿಡಿ ಹಾರಿದರೂ ಅದನ್ನು ನಂದಿಸುವ ಹೊಣೆ ತಪ್ಪಿದ್ದಲ್ಲ. ವಿಶ್ವಸಂಸ್ಥೆಯ ಮಹಾಕಾರ್ಯದರ್ಶಿಯ ಪದವಿ ಇಂತಹುದು. ಆ ಪದವಿಯಲ್ಲಿರುವವರು ನಿಷ್ಪಕ್ಷಪಾತಿಗಳೆಂದು ರಾಷ್ಟ್ರಗಳು ಇಡುವ ನಂಬಿಕೆಯೇ ಅದರ ಬಲ. ಅಂತಹ ನಂಬಿಕೆಯನ್ನು ಗಳಿಸುವುದು ಕಷ್ಟ. ಉಳಿಸಿಕೊಳ್ಳುವುದು ಇನ್ನೂ ಕಷ್ಟ. ಇದಕ್ಕೆ ಡಾಗ್ ಹ್ಯಾಮರ್‌ಷೋಲ್ಡರ ಜೀವನವೇ ಸಾಕ್ಷಿ.

ಹ್ಯಾಮರ್‌ಷೋಲ್ಡರು 1905ನೆಯ ಇಸವಿ ಜುಲೈ 29ರಂದು ಸ್ವೀಡನ್ ದೇಶದಲ್ಲಿ ಜನಿಸಿದರು. ಅವರ ತಂದೆ ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಆ ದೇಶದ ಪ್ರಧಾನಮಂತ್ರಿಯಾಗಿದ್ದರು. ಸ್ವೀಡನ್ ಯಾವ ಪಕ್ಷಕ್ಕೂ ಸೇರದೆ ಯುದ್ಧದಿಂದ ದೂರ ಉಳಿಯಿತು. ಬಾಲಕ ಡಾಗ್ ಬೆಳೆದುದು ವಿದ್ಯಾಕೇಂದ್ರವಾದ ಉಪ್ಸಾಲಾ ನಗರದಲ್ಲಿ. ನ್ಯಾಯಶಾಸ್ತ್ರವನ್ನೂ ಅರ್ಥಶಾಸ್ತ್ರವನ್ನೂ ಅಭ್ಯಾಸ ಮಾಡಿ, ಅರ್ಥಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದ ಅವರು ಸರ್ಕಾರದ ಸೇವೆಗೆ ಸೇರಿ ಉನ್ನತ ಹುದ್ದೆಗಳನ್ನು ಅಲಂಕರಿಸಿದರು. ಕಾವ್ಯದ ಓದು ಮತ್ತು ಪರ್ವತಾರೋಹಣ ಅವರ ಮೆಚ್ಚಿನ ಹವ್ಯಾಸಗಳು. ಅವರು ಅವಿವಾಹಿತರಾಗಿಯೇ ಉಳಿದರು.

1953ರಲ್ಲಿ ಹ್ಯಾಮರ್‌ಷೋಲ್ಡರು ವಿಶ್ವಸಂಸ್ಥೆಯ ಮಹಾಕಾರ್ಯದರ್ಶಿಯಾಗಿ ಆಯ್ಕೆಯಾದಾಗ ಹೊರಜಗತ್ತಿಗೆ ಅವರ ಪರಿಚಯ ಹೆಚ್ಚಾಗಿರಲಿಲ್ಲ. ಆದರೆ ಅವರ ಸಾಮರ್ಥ್ಯ ಬಹುಬೇಗ ಪ್ರಕಟವಾಯಿತು. ಕೊರಿಯಾ ಯುದ್ಧದಲ್ಲಿ ಸೆರೆಸಿಕ್ಕಿದ್ದ ಅಮೆರಿಕದ ವಿಮಾನಯೋಧರ ಬಿಡುಗಡೆಗಾಗಿ ಅವರು 1955ರ ಜನವರಿಯಲ್ಲಿ ಪೀಕಿಂಗ್ ನಗರಕ್ಕೆ ತೆರಳಿ, ಚೀನದ ಪ್ರಧಾನಿ ಚೌ ಎನ್‌ಲಾಯ್ ಅವರೊಡನೆ ಮಾತುಕತೆ ನಡೆಸಿದರು. ಅದೇ ವರ್ಷ ಆ ಯೋಧರು ಬಿಡುಗಡೆ ಹೊಂದಿದರು. 1956ರಲ್ಲಿ ಸೂಯೆಜ್ ಕಾಲುವೆಯ ವಿಷಯವಾಗಿ ಯುದ್ಧ ಸಿಡಿದಾಗ ಕೆನಡಾ ದೇಶದ ಲೆಸ್ಟರ್ ಪಿಯರ್ಸನ್ ಶಾಂತಿಪಾಲನಾ ಪಡೆಯೊಂದರ ಸಲಹೆಯನ್ನು ಮುಂದಿಟ್ಟರು. ಕೆಲವೇ ದಿನಗಳಲ್ಲಿ ಹ್ಯಾಮರ್‌ಷೋಲ್ಡರು ಅದನ್ನು ಕಾರ್ಯರೂಪಕ್ಕೆ ತಂದರು. ನೀಲಿ ಶಿರಸ್ತ್ರಾಣ ಧರಿಸಿದ ಆ ಸೈನಿಕರಲ್ಲಿ ಭಾರತೀಯರೂ ಇದ್ದರು. ಅವರ ಕೆಲಸ ಗೆಲ್ಲುವುದಲ್ಲ, ಕಾದಾಡುವವರ ನಡುವೆ ನಿಲ್ಲುವುದು. ಆತ್ಮರಕ್ಷಣೆಗಲ್ಲದೆ ಅವರು ಗುಂಡು ಹಾರಿಸುವಂತಿರಲಿಲ್ಲ.

ಈ ನಿಯಮಕ್ಕೆ ನಿಜವಾದ ಅಗ್ನಿಪರೀಕ್ಷೆ ಎದುರಾದುದು ಆಫ್ರಿಕ ಖಂಡದ ಕಾಂಗೋದಲ್ಲಿ. ಬೆಲ್ಜಿಯಮ್ಮಿನ ವಸಾಹತಾಗಿದ್ದ ಆ ವಿಶಾಲ ದೇಶ 1960ರ ಜೂನ್ 30ರಂದು ಸ್ವತಂತ್ರವಾಯಿತು. ಆಳಿದವರು ಅಲ್ಲಿನ ಜನರನ್ನು ಆಡಳಿತಕ್ಕೆ ಸಿದ್ಧಗೊಳಿಸಿರಲಿಲ್ಲ. ಕಾಂಗೋದವರಲ್ಲಿ ಪದವೀಧರರು ಬೆರಳೆಣಿಕೆಯಷ್ಟು, ಸೇನಾಧಿಕಾರಿಗಳೆಲ್ಲರೂ ಬೆಲ್ಜಿಯಮ್ಮಿನವರು. ವಾರ ಕಳೆಯುವ ಮೊದಲೇ ಸೈನಿಕರು ದಂಗೆಯೆದ್ದರು. ತನ್ನ ಪ್ರಜೆಗಳ ರಕ್ಷಣೆಯ ನೆಪದಿಂದ ಬೆಲ್ಜಿಯಂ ಮತ್ತೆ ಸೈನ್ಯವನ್ನು ಇಳಿಸಿತು. ಜುಲೈ 11ರಂದು ತಾಮ್ರದ ಗಣಿಗಳಿಂದ ಸಂಪದ್ಭರಿತವಾದ ಕಟಾಂಗ ಪ್ರಾಂತ್ಯವು ಷೋಂಬೆಯ ನಾಯಕತ್ವದಲ್ಲಿ ತಾನು ಬೇರೆ ರಾಷ್ಟ್ರವೆಂದು ಸಾರಿತು.

ಅಧ್ಯಕ್ಷ ಕಾಸಾವುಬು ಮತ್ತು ಪ್ರಧಾನಿ ಲುಮುಂಬಾ ವಿಶ್ವಸಂಸ್ಥೆಯ ಮೊರೆಹೊಕ್ಕರು. ಹ್ಯಾಮರ್‌ಷೋಲ್ಡರು ಕೂಡಲೇ ಭದ್ರತಾ ಮಂಡಳಿಯ ಸಭೆ ಕರೆದರು. ಜುಲೈ 14ರಂದು ನಿರ್ಣಯ ಅಂಗೀಕಾರವಾಯಿತು. ಮರುದಿನವೇ ಶಾಂತಿಪಡೆಯ ಮೊದಲ ತಂಡ ಕಾಂಗೋ ತಲುಪಿತು. ಮುಂದೆ ಆ ಪಡೆಯ ಸಂಖ್ಯೆ 20,000ದ ಸಮೀಪಕ್ಕೆ ಏರಿತು. ಕಟಾಂಗವನ್ನು ಬಲಪ್ರಯೋಗದಿಂದ ಅಡಗಿಸಬೇಕೆಂದು ಲುಮುಂಬಾ ಒತ್ತಾಯಿಸಿದರು. ದೇಶದೊಳಗಿನ ಜಗಳದಲ್ಲಿ ಒಂದು ಪಕ್ಷ ವಹಿಸುವ ಅಧಿಕಾರ ತಮಗಿಲ್ಲವೆಂದು ಹ್ಯಾಮರ್‌ಷೋಲ್ಡರು ನಿರಾಕರಿಸಿದರು. ಇಬ್ಬರ ನಡುವೆ ವಿರಸ ಬೆಳೆಯಿತು. ಲುಮುಂಬಾ ರಷ್ಯದ ನೆರವನ್ನು ಪಡೆದರು. ಸೆಪ್ಟೆಂಬರಿನಲ್ಲಿ ಅವರು ಅಧಿಕಾರ ಕಳೆದುಕೊಂಡರು. ಶಾಂತಿಪಡೆಯ ಕಾವಲಿದ್ದ ಮನೆಯನ್ನು ಬಿಟ್ಟು ಬೆಂಬಲಿಗರತ್ತ ಹೊರಟಾಗ ವಿರೋಧಿಗಳ ಕೈಗೆ ಸಿಕ್ಕಿ, 1961ರ ಜನವರಿ 17ರಂದು ಕಟಾಂಗದಲ್ಲಿ ಕೊಲೆಗೀಡಾದರು. ಅಷ್ಟು ದೊಡ್ಡ ಪಡೆಯಿದ್ದೂ ವಿಶ್ವಸಂಸ್ಥೆ ಅವರನ್ನು ಉಳಿಸಲಿಲ್ಲವೆಂಬ ಆಕ್ಷೇಪ ಹ್ಯಾಮರ್‌ಷೋಲ್ಡರನ್ನು ಕೊನೆಯವರೆಗೂ ಬಿಡಲಿಲ್ಲ.

ಇದಕ್ಕೆ ಮೊದಲೇ, 1960ರ ಶರತ್ಕಾಲದ ಮಹಾಸಭೆಯಲ್ಲಿ ರಷ್ಯದ ನಾಯಕ ಕ್ರುಶ್ಚೇವ್ ಅವರ ರಾಜೀನಾಮೆಯನ್ನು ಕೇಳಿದ್ದರು. ಒಬ್ಬರ ಬದಲು ಮೂರು ಬಣಗಳ ಮೂವರು ಆ ಸ್ಥಾನದಲ್ಲಿರಬೇಕೆಂಬುದು ಅವರ ವಾದ. ಹ್ಯಾಮರ್‌ಷೋಲ್ಡರು ವಿಚಲಿತರಾಗಲಿಲ್ಲ. ವಿಶ್ವಸಂಸ್ಥೆಯ ಆಸರೆ ಬೇಕಾಗಿರುವುದು ಪ್ರಬಲ ರಾಷ್ಟ್ರಗಳಿಗಲ್ಲ, ಉಳಿದ ರಾಷ್ಟ್ರಗಳಿಗೆ. ಅವು ಬಯಸುವವರೆಗೆ ತಾವು ಸ್ಥಾನ ಬಿಡುವುದಿಲ್ಲವೆಂದು ಸ್ಪಷ್ಟಪಡಿಸಿದರು. ಸಭೆ ದೀರ್ಘ ಕರತಾಡನದಿಂದ ಅವರನ್ನು ಬೆಂಬಲಿಸಿತು.

ನಿಷ್ಪಕ್ಷಪಾತವೆಂದರೆ ಕೈಕಟ್ಟಿ ಕೂರುವುದಲ್ಲ ಎಂಬುದನ್ನು ಕಾಂಗೋದ ರಕ್ತಪಾತ ಮನಗಾಣಿಸಿತು. 1961ರ ಫೆಬ್ರವರಿಯಲ್ಲಿ ಭದ್ರತಾ ಮಂಡಳಿಯು, ಅಂತರ್ಯುದ್ಧವನ್ನು ತಡೆಯಲು ಕೊನೆಯ ಉಪಾಯವಾಗಿ ಬಲವನ್ನು ಬಳಸಬಹುದೆಂದು ಒಪ್ಪಿತು. ಭಾರತವು ತನ್ನ ಸೇನೆಯ ಒಂದು ಬ್ರಿಗೇಡನ್ನು ಕಳುಹಿಸಿತು. ಸೆಪ್ಟೆಂಬರಿನಲ್ಲಿ ಕಟಾಂಗದ ಪಡೆಗಳಿಗೂ ಶಾಂತಿಪಡೆಗೂ ಕಾಳಗ ನಡೆದಾಗ ಈಗ ಪಾಶ್ಚಾತ್ಯ ರಾಷ್ಟ್ರಗಳು ಟೀಕಿಸತೊಡಗಿದವು. ಒಬ್ಬರಿಗೆ ಅವರು ಮಾಡಿದ್ದು ಕಡಿಮೆ, ಇನ್ನೊಬ್ಬರಿಗೆ ಹೆಚ್ಚು. ಹ್ಯಾಮರ್‌ಷೋಲ್ಡರು ಸ್ವತಃ ಷೋಂಬೆಯನ್ನು ಕಂಡು ಕದನವಿರಾಮ ಸಾಧಿಸಲು ಹೊರಟರು. ಸೆಪ್ಟೆಂಬರ್ 17ರ ರಾತ್ರಿ ಅವರ ವಿಮಾನ ಇಂದಿನ ಜಾಂಬಿಯಾದ ಎಂಡೋಲ ಪಟ್ಟಣದ ಬಳಿ ಕಾಡಿನಲ್ಲಿ ಉರುಳಿತು. ಅದರಲ್ಲಿದ್ದ 16 ಮಂದಿಯಲ್ಲಿ ಯಾರೂ ಬದುಕುಳಿಯಲಿಲ್ಲ. ಅದು ಕೇವಲ ಅಪಘಾತವೋ, ಶತ್ರುಗಳ ಕೃತ್ಯವೋ ಎಂಬ ಶಂಕೆ ಅಳಿಯದುದರಿಂದ ವಿಶ್ವಸಂಸ್ಥೆ ಅರ್ಧ ಶತಮಾನದ ಅನಂತರ ಮತ್ತೆ ವಿಚಾರಣೆಯನ್ನು ಕೈಗೊಂಡಿತು.

ಆ ವರ್ಷದ ನೊಬೆಲ್ ಶಾಂತಿ ಪಾರಿತೋಷಕ ಹ್ಯಾಮರ್‌ಷೋಲ್ಡರಿಗೆ ಮರಣೋತ್ತರವಾಗಿ ಸಂದಿತು. ಅವರು ಹಿಡಿದ ಕಾರ್ಯ ನಿಲ್ಲಲಿಲ್ಲ. ಡಿಸೆಂಬರ್ 5ರಂದು ಕಟಾಂಗದ ರಸ್ತೆತಡೆಯೊಂದನ್ನು ತೆರವುಗೊಳಿಸುತ್ತ ಭಾರತದ ಕ್ಯಾಪ್ಟನ್ ಗುರುಬಚನ್ ಸಿಂಗ್ ಸಲಾರಿಯಾ ವೀರಮರಣ ಹೊಂದಿ ಪರಮವೀರಚಕ್ರಕ್ಕೆ ಪಾತ್ರರಾದರು. 1963ರ ಜನವರಿಯಲ್ಲಿ ಕಟಾಂಗದ ಪ್ರತ್ಯೇಕತೆ ಕೊನೆಗೊಂಡು ಕಾಂಗೋ ಒಂದಾಗಿ ಉಳಿಯಿತು.

ಶಾಂತಿಪಾಲನೆಯಲ್ಲಿ ಪ್ರಾಣತೆತ್ತವರಿಗೆ ವಿಶ್ವಸಂಸ್ಥೆ ನೀಡುವ ಪದಕಕ್ಕೆ ಹ್ಯಾಮರ್‌ಷೋಲ್ಡರ ಹೆಸರನ್ನೇ ಇಡಲಾಗಿದೆ. ಅನೇಕ ಭಾರತೀಯ ಯೋಧರಿಗೂ ಅದು ಸಂದಿದೆ. ಕಾದಾಡುವವರ ನಡುವೆ ನಿಲ್ಲುವವನಿಗೆ ಇಬ್ಬರ ಏಟೂ ತಪ್ಪದು. ಅದನ್ನು ಅರಿತೂ ಸರಿಯದೆ ನಿಂತವರಲ್ಲಿ ಡಾಗ್ ಹ್ಯಾಮರ್‌ಷೋಲ್ಡರು ಅಗ್ರಗಣ್ಯರು.