ಉಮಾಬಾಯಿ ಕುಂದಾಪುರ

ಉಮಾಬಾಯಿ ಕುಂದಾಪುರ (1892–1992) ಅವರು ಕರ್ನಾಟಕದ ಸ್ವಾತಂತ್ರ್ಯ ಹೋರಾಟಗಾರ್ತಿ ಮತ್ತು ಸ್ತ್ರೀಶಿಕ್ಷಣಕ್ಕಾಗಿ ದುಡಿದ ಸಮಾಜ ಸೇವಕಿ. ಹಿಂದುಸ್ತಾನಿ ಸೇವಾದಳದ ಮಹಿಳಾ ವಿಭಾಗದ ಮುಖ್ಯಸ್ಥೆಯಾಗಿದ್ದರು. ಮನೆಯ ಹೊಸಿಲು ದಾಟದ ಹೆಂಗಸರನ್ನು, ಅದರಲ್ಲೂ ವಿಧವೆಯರನ್ನು, ಸ್ವಯಂಸೇವಕಿಯರನ್ನಾಗಿ ಸೇರಿಸಿಕೊಂಡು ತರಬೇತಿ ನೀಡಿದ್ದು ಅವರ ಮುಖ್ಯ ಸಾಧನೆ. ಹುಬ್ಬಳ್ಳಿ ಅವರ ಕಾರ್ಯಕ್ಷೇತ್ರವಾಗಿತ್ತು.

ಬಾಲ್ಯ ಮತ್ತು ವಿದ್ಯಾಭ್ಯಾಸ

ಉಮಾಬಾಯಿಯವರು 1892ರಲ್ಲಿ ಮಂಗಳೂರಿನಲ್ಲಿ ಜನಿಸಿದರು. ತವರಿನ ಹೆಸರು ಭವಾನಿ ಗೋಳಿಕೇರಿ. ಅಂದಿನ ರೂಢಿಯಂತೆ ಎಳೆಯ ವಯಸ್ಸಿನಲ್ಲಿಯೇ ಸಂಜೀವರಾವ್ ಕುಂದಾಪುರ ಅವರೊಡನೆ ವಿವಾಹವಾಯಿತು. ಮದುವೆಯೊಡನೆ ಓದು ಮುಗಿಯುವುದೇ ಆ ಕಾಲದ ಹೆಣ್ಣುಮಕ್ಕಳ ಪಾಡಾಗಿದ್ದರೆ, ಇವರ ಪಾಲಿಗೆ ಓದು ಆರಂಭವಾದದ್ದೇ ಮದುವೆಯ ನಂತರ. ಮಾವ ಆನಂದರಾವ್ ಕುಂದಾಪುರ ಅವರು ಸುಧಾರಣಾವಾದಿಗಳು. ಹೆಣ್ಣುಮಕ್ಕಳು ಓದಿದರೆ ಮಾತ್ರ ಸಮಾಜ ಬದಲಾದೀತೆಂದು ನಂಬಿದ್ದ ಅವರು ಸೊಸೆಯನ್ನು ಮುಂಬಯಿಯಲ್ಲಿ ಶಾಲೆಗೆ ಸೇರಿಸಿದರು. ಉಮಾಬಾಯಿಯವರು ಮೆಟ್ರಿಕ್ಯುಲೇಷನ್ ತೇರ್ಗಡೆಯಾದರು. ಬಳಿಕ ಗಾಮದೇವಿಯ ಮಹಿಳಾ ಸಮಾಜದಲ್ಲಿ, ಓದಲು ಅವಕಾಶ ಸಿಗದ ಗೃಹಿಣಿಯರಿಗೆ ಅಕ್ಷರ ಕಲಿಸತೊಡಗಿದರು. ಮುಂದೆ ಅವರು ಕಟ್ಟಿದ ಸಂಘಟನೆಗಳಲ್ಲೆಲ್ಲ ಮೊದಲು ಕಲಿಸುವುದು, ಅನಂತರ ಕೆಲಸಕ್ಕೆ ಕರೆಯುವುದು ಎಂಬ ಕ್ರಮ ಕಾಣುತ್ತದೆ. ಅದರ ಬೇರು ಈ ಪಾಠಗಳಲ್ಲಿದೆ ಎನ್ನಬಹುದು.

1920ರ ಆಗಸ್ಟ್ 1ರಂದು ಬಾಲಗಂಗಾಧರ ತಿಲಕರು ಮುಂಬಯಿಯಲ್ಲಿ ನಿಧನರಾದರು. ಅವರ ಅಂತಿಮಯಾತ್ರೆಯಲ್ಲಿ ಸೇರಿದ ಜನಸಾಗರವನ್ನು ಕಂಡ ಉಮಾಬಾಯಿಯವರು ಕಾಂಗ್ರೆಸ್ಸಿನ ಸ್ವಯಂಸೇವಕಿಯಾದರು. ಖಾದಿ ಪ್ರಚಾರಕ್ಕಾಗಿ ಮನೆಮನೆಗೆ ಹೋದರು.

ಹುಬ್ಬಳ್ಳಿಗೆ ಆಗಮನ

1923ರಲ್ಲಿ ಪತಿ ತೀರಿಕೊಂಡರು. ವಿಧವೆಯೆಂದರೆ ಅಡುಗೆಮನೆಯ ಮೂಲೆ ಎಂದು ಸಮಾಜ ವಿಧಿಸಿದ್ದ ದಿನಗಳವು. ಆನಂದರಾವ್ ಅವರು ಸೊಸೆಗೆ ಅಂಥ ಬಾಳು ಬರಗೊಡಲಿಲ್ಲ. ಅವರೊಡನೆ ಹುಬ್ಬಳ್ಳಿಗೆ ಬಂದು ನೆಲೆಸಿ, ಅಲ್ಲಿ ಕರ್ನಾಟಕ ಮುದ್ರಣಾಲಯವನ್ನು ಸ್ಥಾಪಿಸಿದರು. ಉಮಾಬಾಯಿಯವರು ತಿಲಕ ಕನ್ಯಾಶಾಲೆಯ ಹೊಣೆ ಹೊತ್ತರು ಮತ್ತು ಭಗಿನೀ ಮಂಡಳದ ಮೂಲಕ ಹೆಂಗಸರನ್ನು ಒಟ್ಟುಗೂಡಿಸಿದರು. ಕನ್ಯಾಶಾಲೆಯಲ್ಲಿ ಹೆಣ್ಣುಮಕ್ಕಳು ಓದುತ್ತಿದ್ದರು, ಮಂಡಳಕ್ಕೆ ಗೃಹಿಣಿಯರೂ ವಿಧವೆಯರೂ ಬರುತ್ತಿದ್ದರು.

ಸೇವಾದಳ ಮತ್ತು ಸ್ವಯಂಸೇವಕಿಯರು

ಹುಬ್ಬಳ್ಳಿಯಲ್ಲಿ ಆಗ ಡಾ. ನಾ. ಸು. ಹರ್ಡೀಕರ್ ಅವರು ಯುವಕರನ್ನು ಸಂಘಟಿಸುತ್ತಿದ್ದರು. ಅಮೆರಿಕದಲ್ಲಿ ಸಾರ್ವಜನಿಕ ಆರೋಗ್ಯ ವಿಷಯವನ್ನು ಓದಿ ಬಂದಿದ್ದ ಅವರು ಹುಬ್ಬಳ್ಳಿ ಸೇವಾ ಮಂಡಳವನ್ನು ನಡೆಸುತ್ತಿದ್ದರು. 1923ರ ನಾಗಪುರ ಧ್ವಜ ಸತ್ಯಾಗ್ರಹದಲ್ಲಿ ಸೆರೆಯಾದವರಲ್ಲಿ ಹಲವರು ಜೈಲಿನ ಕಷ್ಟ ತಾಳಲಾರದೆ ಕ್ಷಮಾಪಣೆ ಬರೆದುಕೊಟ್ಟು ಹೊರಬಂದರು. ಹುಬ್ಬಳ್ಳಿಯ ತಂಡ ಮಾತ್ರ ಕ್ಷಮೆ ಕೇಳದೆ ಶಿಕ್ಷೆಯನ್ನು ಪೂರ್ಣವಾಗಿ ಅನುಭವಿಸಿತು. ಉತ್ಸಾಹದಿಂದ ಹೆಸರು ಬರೆಸಿದವರೆಲ್ಲ ಕೊನೆಯವರೆಗೆ ನಿಲ್ಲುವುದಿಲ್ಲ, ಮುಂಚಿತವಾಗಿ ತರಬೇತಿ ಪಡೆದವರು ನಿಲ್ಲುತ್ತಾರೆ ಎಂಬುದು ಕಾಂಗ್ರೆಸ್ಸಿನ ನಾಯಕರಿಗೆ ಆಗ ಮನವರಿಕೆಯಾಯಿತು. ಅದೇ ವರ್ಷ ಡಿಸೆಂಬರಿನಲ್ಲಿ ಕಾಕಿನಾಡ ಅಧಿವೇಶನದ ಸಂದರ್ಭದಲ್ಲಿ ಹಿಂದುಸ್ತಾನಿ ಸೇವಾದಳ ರೂಪುಗೊಂಡಿತು. ಜವಾಹರಲಾಲ್ ನೆಹರೂ ಅದರ ಮೊದಲ ಅಧ್ಯಕ್ಷರಾದರು. ಶಿಬಿರ, ಕವಾಯತು, ಪ್ರಥಮ ಚಿಕಿತ್ಸೆ, ನೈರ್ಮಲ್ಯ ಮತ್ತು ಜನಸಂದಣಿಯ ನಿಯಂತ್ರಣ ದಳದ ಶಿಕ್ಷಣದ ಭಾಗಗಳಾಗಿದ್ದವು.

ಇದರ ಮಹಿಳಾ ವಿಭಾಗದ ಹೊಣೆ ಉಮಾಬಾಯಿಯವರ ಪಾಲಿಗೆ ಬಂದಿತು. ಗಂಡಸರನ್ನು ಸೇರಿಸುವುದಕ್ಕೂ ಹೆಂಗಸರನ್ನು ಸೇರಿಸುವುದಕ್ಕೂ ಬಹಳ ಅಂತರವಿತ್ತು. ಯುವಕನೊಬ್ಬ ತಾನಾಗಿ ಬಂದು ಹೆಸರು ಬರೆಸಬಹುದಾಗಿತ್ತು. ಹೆಂಗಸಿನ ಹೆಸರು ಪಟ್ಟಿಗೆ ಸೇರಬೇಕಾದರೆ ತಂದೆ, ಗಂಡ, ಅತ್ತೆ, ಮಾವ, ಒಟ್ಟಿನಲ್ಲಿ ಇಡೀ ಮನೆ ಒಪ್ಪಬೇಕಾಗಿತ್ತು. ಪರಗಂಡಸರ ನಡುವೆ, ಪರಊರಿನ ಬಿಡಾರದಲ್ಲಿ ಹಲವು ದಿನ ಇರಬೇಕೆಂದರೆ ಒಪ್ಪುವವರು ವಿರಳ. ಪತ್ರಿಕೆಯ ಪ್ರಕಟಣೆಯಿಂದ ಸಾಗುವ ಕೆಲಸ ಇದಾಗಿರಲಿಲ್ಲ.

1924ರ ಡಿಸೆಂಬರಿನಲ್ಲಿ ಬೆಳಗಾವಿಯಲ್ಲಿ ಕಾಂಗ್ರೆಸ್ ಅಧಿವೇಶನ ನಡೆಯಿತು. ಮಹಾತ್ಮಾ ಗಾಂಧಿಯವರು ಅಧ್ಯಕ್ಷತೆ ವಹಿಸಿದ ಏಕೈಕ ಅಧಿವೇಶನ ಅದು. ಅದಕ್ಕಾಗಿ ಉಮಾಬಾಯಿಯವರು ಕನ್ನಡ ನಾಡಿನ ಊರೂರು ಸುತ್ತಿ 150ಕ್ಕೂ ಹೆಚ್ಚು ಮಹಿಳೆಯರನ್ನು ಸ್ವಯಂಸೇವಕಿಯರನ್ನಾಗಿ ಸೇರಿಸಿದರು. ಅವರಲ್ಲಿ ವಿಧವೆಯರೂ ಇದ್ದರು. ಶುಭಕಾರ್ಯಗಳಲ್ಲಿ ಎದುರಿಗೆ ಬರಬಾರದೆಂದು ದೂರವಿರಿಸಲ್ಪಟ್ಟವರು ದೇಶದ ಅತಿಥಿಗಳನ್ನು ಎದುರುಗೊಳ್ಳುವಂತಾಯಿತು. ತಾವೇ ವಿಧವೆಯಾಗಿದ್ದ ಉಮಾಬಾಯಿಯವರು ಕರೆಯಲು ಬಂದಾಗ, ಆ ಕರೆಗೆ ಬೇರೆಯವರ ಮಾತಿಗಿಲ್ಲದ ತೂಕವಿತ್ತು. ಕಮಲಾದೇವಿ ಚಟ್ಟೋಪಾಧ್ಯಾಯ ಅವರೂ ಈ ಅಧಿವೇಶನದಲ್ಲಿ ಸ್ವಯಂಸೇವಕಿಯರೊಡನೆ ದುಡಿದರು.

ಸೆರೆವಾಸ

ಕಾನೂನುಭಂಗ ಚಳವಳಿಯ ಸಂದರ್ಭದಲ್ಲಿ, 1932ರಲ್ಲಿ, ಉಮಾಬಾಯಿಯವರನ್ನು ಬಂಧಿಸಿ ಯರವಡಾ ಜೈಲಿನಲ್ಲಿ ನಾಲ್ಕು ತಿಂಗಳು ಇರಿಸಲಾಯಿತು. ಅವರು ಸೆರೆಯಲ್ಲಿದ್ದಾಗಲೇ ಮಾವ ಆನಂದರಾವ್ ತೀರಿಕೊಂಡರು. ತಂದೆಗಿಂತ ಹೆಚ್ಚಾಗಿ ತಮ್ಮನ್ನು ಬೆಳೆಸಿದವರ ಅಂತ್ಯಕಾಲದಲ್ಲಿ ಹತ್ತಿರವಿರಲಾಗದ ದುಃಖದಲ್ಲಿ ಅವರನ್ನು ಸಂತೈಸಿದವರು ಅದೇ ಜೈಲಿನಲ್ಲಿದ್ದ ಸರೋಜಿನಿ ನಾಯ್ಡು.

ಬಿಡುಗಡೆಯಾಗಿ ಹುಬ್ಬಳ್ಳಿಗೆ ಮರಳಿದಾಗ ಕಟ್ಟಿದ್ದು ಒಂದೂ ಉಳಿದಿರಲಿಲ್ಲ. ಮುದ್ರಣಾಲಯ ಸರ್ಕಾರದ ವಶವಾಗಿತ್ತು. ಕನ್ಯಾಶಾಲೆಗೆ ಬೀಗಮುದ್ರೆ ಬಿದ್ದಿತ್ತು. ಭಗಿನೀ ಮಂಡಳವನ್ನು ಕಾನೂನುಬಾಹಿರ ಸಂಸ್ಥೆಯೆಂದು ಘೋಷಿಸಲಾಗಿತ್ತು. ಸೇವಾದಳವೂ ನಿಷೇಧಕ್ಕೆ ಒಳಗಾಗಿತ್ತು. ಮುಟ್ಟುಗೋಲು ಹಾಕಲಾಗದೆ ಉಳಿದದ್ದು ತರಬೇತಿ ಪಡೆದ ಜನ ಮಾತ್ರ. ಸೆರೆಯಿಂದ ಬಿಡುಗಡೆಯಾಗಿ ಬಂದ, ಹೋಗಲು ನೆಲೆಯಿಲ್ಲದ ಮಹಿಳಾ ಹೋರಾಟಗಾರರಿಗೆ ಉಮಾಬಾಯಿಯವರ ಮನೆ ಆಸರೆಯಾಯಿತು.

ಬಿಹಾರದ ಭೂಕಂಪ ಪರಿಹಾರ

1934ರ ಜನವರಿ 15ರಂದು ಬಿಹಾರದಲ್ಲಿ ಭೀಕರ ಭೂಕಂಪ ಸಂಭವಿಸಿತು. ಉಮಾಬಾಯಿಯವರು ಸ್ವಯಂಸೇವಕರೊಡನೆ ಅಲ್ಲಿಗೆ ತೆರಳಿ ನಿರಾಶ್ರಿತರ ಶಿಬಿರಗಳಲ್ಲಿ ದುಡಿದರು. ಪರಿಹಾರ ಕಾರ್ಯದ ನೇತೃತ್ವ ಬಾಬು ರಾಜೇಂದ್ರ ಪ್ರಸಾದರದಾಗಿತ್ತು. ಅಧಿವೇಶನದ ಚಪ್ಪರದಲ್ಲಿ ಕಲಿತ ಶಿಸ್ತು ಮನೆಮಠ ಕಳೆದುಕೊಂಡವರ ನಡುವೆ ಎಷ್ಟರಮಟ್ಟಿಗೆ ಉಪಯೋಗಕ್ಕೆ ಬರುತ್ತದೆ ಎಂಬುದಕ್ಕೆ ಅದೊಂದು ಪರೀಕ್ಷೆಯಾಗಿತ್ತು. 1942ರ ಚಳವಳಿಯ ವೇಳೆ ಭೂಗತರಾಗಿದ್ದ ಹೋರಾಟಗಾರರಿಗೆ ಹುಬ್ಬಳ್ಳಿಯ ಅವರ ಮನೆಯಲ್ಲಿ ಅನ್ನವೂ ಆಶ್ರಯವೂ ದೊರೆಯುತ್ತಿದ್ದವು.

ಕಸ್ತೂರಬಾ ಸ್ಮಾರಕ ನಿಧಿ

1944ರ ಫೆಬ್ರವರಿಯಲ್ಲಿ ಕಸ್ತೂರಬಾ ಗಾಂಧಿಯವರು ಸೆರೆಯಲ್ಲಿಯೇ ನಿಧನರಾದರು. ಅವರ ನೆನಪಿಗಾಗಿ ಸಂಗ್ರಹವಾದ ನಿಧಿ ಹಳ್ಳಿಗಳ ಮಹಿಳೆಯರು ಮತ್ತು ಮಕ್ಕಳಿಗಾಗಿಯೇ ಬಳಕೆಯಾಗಬೇಕು, ಕೆಲಸವನ್ನು ಮಹಿಳೆಯರೇ ನಡೆಸಬೇಕು ಎಂಬುದು ಗಾಂಧೀಜಿಯವರ ನಿಲುವಾಗಿತ್ತು. 1946ರಲ್ಲಿ ಅವರು ಉಮಾಬಾಯಿಯವರನ್ನು ಕರ್ನಾಟಕ ಶಾಖೆಯ ಪ್ರತಿನಿಧಿಯನ್ನಾಗಿ ನೇಮಿಸಿದರು.

ಆರೋಗ್ಯ, ಶಿಶುಪಾಲನೆ, ಅಕ್ಷರಾಭ್ಯಾಸ ಮತ್ತು ಕೈಕಸುಬುಗಳಲ್ಲಿ ತರಬೇತಿ ಪಡೆದು ಹಳ್ಳಿಯಲ್ಲಿ ನೆಲೆಸುವ ಗ್ರಾಮಸೇವಿಕೆಯರನ್ನು ಸಿದ್ಧಪಡಿಸುವುದು ಇಲ್ಲಿನ ಕೆಲಸ. ಸೇವಾದಳಕ್ಕೆ ಬೇಕಾಗಿದ್ದುದು ಕೆಲವು ದಿನಗಳ ದುಡಿಮೆ, ಗ್ರಾಮಸೇವಿಕೆಗೆ ಅದು ಬದುಕೇ ಆಗಿತ್ತು. ಪರಊರಿನಲ್ಲಿ ಒಂಟಿಯಾಗಿ ಬಾಳಬೇಕು, ಹೆರಿಗೆ ಮನೆಗೂ ಹೋಗಬೇಕು, ಜಾತಿಭೇದ ಎಣಿಸಬಾರದು. ಆದ್ದರಿಂದ ಓದುಬರಹ ಬಲ್ಲವರೆಂಬ ಒಂದೇ ಅರ್ಹತೆ ಸಾಲುತ್ತಿರಲಿಲ್ಲ. ಹಣದ ಅಡಚಣೆಯೂ ಇತ್ತು. ಸರ್ಕಾರದ ನೆರವು ದೊರೆಯದಿದ್ದಾಗ ಉಮಾಬಾಯಿಯವರು ಹಳ್ಳಿಹಳ್ಳಿ ತಿರುಗಿ ಚಂದಾ ಎತ್ತಿದರು. ಸಹಾಯ ಕೇಳಲು ಹೋಗುವುದು ಅವರ ಪಾಲಿಗೆ ಹೊಸತಾಗಿರಲಿಲ್ಲ, ಬೆಳಗಾವಿಯ ದಿನಗಳಲ್ಲಿ ಮನೆಮನೆಯಿಂದ ಮಗಳನ್ನೋ ಸೊಸೆಯನ್ನೋ ಕೇಳಿ ಪಡೆದವರು ಈಗ ಹಣ ಕೇಳಿದರು ಅಷ್ಟೆ.

ಕೊನೆಯ ದಿನಗಳು

ಸ್ವಾತಂತ್ರ್ಯಾನಂತರ ಉಮಾಬಾಯಿಯವರು ಅಧಿಕಾರದ ಸ್ಥಾನಗಳಿಂದ ದೂರವಿದ್ದರು. ಸ್ವಾತಂತ್ರ್ಯ ಯೋಧರಿಗೆ ನೀಡುವ ತಾಮ್ರಪತ್ರ ಹಾಗೂ ಪಿಂಚಣಿಯನ್ನು ಅವರು ಸ್ವೀಕರಿಸಲಿಲ್ಲ. ಹುಬ್ಬಳ್ಳಿಯ ಒಂದು ಚಿಕ್ಕ ಮನೆಯಲ್ಲಿ ಸರಳವಾಗಿ ಬಾಳಿ, ನೂರರ ಅಂಚಿನಲ್ಲಿ, 1992ರಲ್ಲಿ ನಿಧನರಾದರು.